ಝಳಕ್ಕೆ ಸತ್ತಿತು ಎಂದು ಬರೆಯುವ ಮೊದಲು ಹಕ್ಕಿಯ ಬಾಯಿ ತೆರೆದು ನೋಡಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳು;
ಮೂರೂ ಜಿಲ್ಲೆಗಳ ಪಶುಪಾಲನಾ ಹಾಗೂ ಅರಣ್ಯ ಇಲಾಖೆಗಳ ಅಧಿಕಾರಿಗಳು;
ಮತ್ತು ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರು, ಕಾಳು ಇಡುವ ಎಲ್ಲ ಬಂಧುಗಳಿಗೆ

ವಿಷಯ: ಬೆಳವ, ಪಾರಿವಾಳ ಮತ್ತು ಅವನ್ನು ತಿನ್ನುವ ಬೇಟೆಹಕ್ಕಿಗಳಲ್ಲಿ ಗಂಟಲು ಹುಣ್ಣಿನ ರೋಗದ ತಪಾಸಣೆ, ರೋಗಾಣುವಿನ ತಳಿ ಗುರುತಿಸುವಿಕೆ ಮತ್ತು ನೀರಿನ ಬೋಗುಣಿಗಳ ನಿರ್ವಹಣೆ ಕುರಿತು.

ಮಾನ್ಯರೇ,

ಮಾರ್ಚ್ ಹೊರಳಿತೆಂದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಹಕ್ಕಿಯ ಸಾವಿಗೆ ಒಂದೇ ಕಾರಣ ಉಳಿಯುತ್ತದೆ. ಬೇವಿನ ಗಿಡದ ಬುಡದಲ್ಲಿ ಬೆಳವ ಬಿದ್ದಿದ್ದರೆ ಝಳ ಬಡಿದು ಬಿತ್ತು. ಮಾಳಿಗೆಯ ಮೇಲೆ ಪಾರಿವಾಳ ಸತ್ತಿದ್ದರೆ ನೀರು ಸಿಗದೆ ಸತ್ತಿತು. ಎತ್ತಿ ಕಸದ ಗಾಡಿಗೆ ಹಾಕುತ್ತಾರೆ. ಮರುದಿನ ಅದೇ ಗಿಡಕ್ಕೆ ಇನ್ನೊಂದು ಬೋಗುಣಿ ತೂಗುತ್ತದೆ. 43, 44 ಡಿಗ್ರಿ ಬಿಸಿಲು ಕಾಣುವ ಊರಲ್ಲಿ ಈ ಉತ್ತರ ಯಾರಿಗೂ ತಪ್ಪೆನಿಸುವುದಿಲ್ಲ. ಎಷ್ಟೋ ಹಕ್ಕಿಗಳು ಝಳಕ್ಕೇ ಸಾಯುತ್ತವೆ, ಅದನ್ನು ನಾವೂ ಒಪ್ಪುತ್ತೇವೆ. ನಮ್ಮ ತಕರಾರು ನೋಡದೆ ಬರೆಯುವ ಕಾರಣದ ಮೇಲೆ.

ಸತ್ತ ಬೆಳವದ ಕೊಕ್ಕನ್ನು ಅಗಲಿಸಿ ಒಳಗೆ ಟಾರ್ಚ್ ಬಿಡುವುದು ಅರ್ಧ ನಿಮಿಷದ ಕೆಲಸ. ನಾಲಿಗೆಯ ಹಿಂದೆ, ಅಂಗುಳಿನಲ್ಲಿ, ಗಂಟಲ ಬಾಯಿಯಲ್ಲಿ ಒಡೆದ ಹಾಲಿನ ಗಟ್ಟಿಯಂಥ ಹಳದಿ ಗಡ್ಡೆ ಕಂಡರೆ ಆ ಹಕ್ಕಿ ಬರೀ ಬಿಸಿಲಿಗೆ ಸತ್ತದ್ದಲ್ಲದಿರಬಹುದು. ಅದು ಹಸಿದು ಸತ್ತಿರಬಹುದು, ಅದೂ ಕಾಳು ಎದುರಿಗೇ ಬಿದ್ದಿರುವಾಗ. ಪಾರಿವಾಳ ಸಾಕುವವರು ಈ ರೋಗಕ್ಕೆ ಕ್ಯಾಂಕರ್ ಎನ್ನುತ್ತಾರೆ. ಹೆಸರು ಕೇಳಿ ಕ್ಯಾನ್ಸರ್ ಎಂದುಕೊಳ್ಳುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರಣ ಟ್ರೈಕೊಮೊನಾಸ್ ಗ್ಯಾಲಿನೇ ಎಂಬ ಏಕಕೋಶದ ಪರಾವಲಂಬಿ. ನೋಡಲು ಪೇರಲ ಹಣ್ಣಿನ ಆಕಾರ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಉದ್ದ, ಮುಂದುಗಡೆ ನಾಲ್ಕು ಚಾವಟಿ, ಮಗ್ಗುಲಲ್ಲಿ ಅಲೆಯಾಡುವ ಒಂದು ಪೊರೆ. 1878ರಲ್ಲಿಯೇ ಇಟಲಿಯ ರಿವೋಲ್ಟ ಇದನ್ನು ವಿವರಿಸಿದ್ದಾರೆ. ಹೊಸ ರೋಗವಲ್ಲ.

ಇದು ಹರಡುವ ಬಗೆ ನಮ್ಮ ಬೋಗುಣಿಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಪಾರಿವಾಳ ಮತ್ತು ಬೆಳವಗಳು ನೀರು ಕುಡಿಯುವ ಕ್ರಮ ಬೇರೆ ಹಕ್ಕಿಗಳಂತಿಲ್ಲ. ಗುಬ್ಬಿ ಒಂದು ಗುಟುಕು ತುಂಬಿಕೊಂಡು ತಲೆ ಎತ್ತಿ ಇಳಿಸುತ್ತದೆ. ಪಾರಿವಾಳ ಕೊಕ್ಕನ್ನು ನೀರಿನೊಳಗೆ ಮುಳುಗಿಸಿಟ್ಟು ಎಮ್ಮೆಯ ಹಾಗೆ ಹೀರುತ್ತದೆ. ಹೀರುವಷ್ಟು ಹೊತ್ತು ಬಾಯಿಯ ಲೋಳೆ ನೀರಿಗೆ ಇಳಿಯುತ್ತದೆ. ರೋಗಾಣು ಇರುವುದೂ ಆ ಲೋಳೆಯಲ್ಲಿಯೇ.

ಮೇ ತಿಂಗಳಲ್ಲಿ ಯಾವುದಾದರೂ ಬೋಗುಣಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಒಳಮೈಗೆ ಹಸಿರು ಪಾಚಿ ಹಿಡಿದು ಬೆರಳಿಟ್ಟರೆ ಜಾರುತ್ತದೆ. ಯಾರೋ ಪುಣ್ಯಕ್ಕೆಂದು ಹಾಕಿದ ಜೋಳ ನೀರಿಗೆ ಬಿದ್ದು ಉಬ್ಬಿದೆ, ಒಂದೆರಡು ಮೊಳಕೆ ಒಡೆದಿವೆ. ಮೇಲಿನ ಕೊಂಬೆಯಿಂದ ಬಿದ್ದ ಹಿಕ್ಕೆ ತೇಲುತ್ತಿದೆ. ಅಂಚಿನಲ್ಲಿ ಒಂದು ಬೆಳವ ಗರಿ ಉಬ್ಬಿಸಿಕೊಂಡು ಕೂತಿದೆ, ಓಡಿಸಿದರೂ ಸುಲಭಕ್ಕೆ ಏಳದು. ಕೊಕ್ಕಿನ ಸುತ್ತಲಿನ ಗರಿ ಒದ್ದೆಯಾಗಿ ಅಂಟಿಕೊಂಡಿದೆ. ಜೋಳದ ಕಾಳೊಂದನ್ನು ಎತ್ತುತ್ತದೆ, ಬಾಯಲ್ಲಿ ಹೊರಳಿಸುತ್ತದೆ, ಕತ್ತು ಮುಂದೆ ಚಾಚಿ ನುಂಗಲು ನೋಡುತ್ತದೆ, ಆಗದೆ ಬಿಡುತ್ತದೆ. ಲೋಳೆ ಹತ್ತಿದ ಆ ಕಾಳು ಮತ್ತೆ ನೀರಿಗೆ ಬೀಳುತ್ತದೆ. ಎರಡು ನಿಮಿಷದಲ್ಲಿ ಇನ್ನೊಂದು ಬೆಳವ ಬಂದು ಅದನ್ನೇ ಎತ್ತಿ ನುಂಗುತ್ತದೆ. ರೋಗ ದಾಟಲು ಇಷ್ಟು ಸಾಕು.

ಮರಿಗಳಿಗೆ ತಗಲುವುದು ಗೂಡಿನಲ್ಲಿಯೇ. ಈ ಜಾತಿಯ ಹಕ್ಕಿಗಳಲ್ಲಿ ತಂದೆ, ತಾಯಿ ಇಬ್ಬರೂ ಮೇವುಚೀಲದಲ್ಲಿ, ಅಂದರೆ ಕಾಳು ತುಂಬಿಕೊಳ್ಳುವ ಗಂಟಲ ಚೀಲದಲ್ಲಿ, ಮೊಸರಿನಂಥ ಹಾಲು ತಯಾರಿಸಿ ಮರಿಯ ಬಾಯಿಗೆ ಕಕ್ಕುತ್ತಾರೆ. ಮೊದಲ ಗುಟುಕಿನ ಜೊತೆಯಲ್ಲೇ ರೋಗಾಣುವೂ ಮರಿಗೆ ಹೋಗುತ್ತದೆ.

ಇಷ್ಟರ ನಡುವೆ ಒಂದು ಅನುಕೂಲದ ಸಂಗತಿ ಇದೆ. ಅಮೀಬಾದಂಥ ಕೆಲವು ಜೀವಿಗಳಿಗೆ ಪ್ರತಿಕೂಲ ಕಾಲದಲ್ಲಿ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂರುವ ಶಕ್ತಿ ಇರುತ್ತದೆ. ಟ್ರೈಕೊಮೊನಾಸ್‌ಗೆ ಅದು ಇಲ್ಲ. ಒಣಗಿದರೆ ಸತ್ತಿತು. ಶುದ್ಧವಾದ, ಕ್ಲೋರಿನ್ ಇರುವ ನೀರಿನಲ್ಲಿ ಬಹಳ ಹೊತ್ತು ಬಾಳುವುದಿಲ್ಲ. ಅದೇ ನೀರಿಗೆ ಹಿಕ್ಕೆ, ಪಾಚಿ, ನೆನೆದ ಕಾಳು ಸೇರಿದರೆ ಗಂಟೆಗಟ್ಟಲೆ ಬದುಕುತ್ತದೆ. ಒದ್ದೆ ಕಾಳಿನ ರಾಶಿಯಲ್ಲಿ ಕೆಲವು ದಿನ ಉಳಿಯುವುದೂ ಉಂಟು. ಅಂದರೆ ಹಕ್ಕಿಯನ್ನು ಕೊಲ್ಲುತ್ತದೆ ಎಂದು ನಾವು ದೂರುವ ಬಿಸಿಲೇ ಈ ರೋಗಾಣುವಿಗೆ ದೊಡ್ಡ ವೈರಿ. ಬೋಗುಣಿಯನ್ನು ಖಾಲಿ ಮಾಡಿ ಬಿಸಿಲಿಗೆ ಬೋರಲು ಹಾಕುವ ಕೈಗಳು ಮಾತ್ರ ಕಾಣಿಸುತ್ತಿಲ್ಲ.

ಝಳದ ಸಾವನ್ನೂ ಹುಣ್ಣಿನ ಸಾವನ್ನೂ ಬೇರೆ ಮಾಡುವುದು ಹೇಗೆ ಎಂಬುದನ್ನು ಬರೆಯುತ್ತೇವೆ. ಇದು ಪಶುವೈದ್ಯರಿಗೆ ಗೊತ್ತಿಲ್ಲದ್ದಲ್ಲ, ಆದರೆ ಹಕ್ಕಿ ಮೊದಲು ಸಿಗುವುದು ಅರಣ್ಯ ರಕ್ಷಕರಿಗೆ, ಪೌರಕಾರ್ಮಿಕರಿಗೆ, ಶಾಲಾ ಮಕ್ಕಳಿಗೆ. ಝಳಕ್ಕೆ ಬಿದ್ದ ಹಕ್ಕಿ ಸಾಮಾನ್ಯವಾಗಿ ಮೈಕೈ ತುಂಬಿಕೊಂಡೇ ಇರುತ್ತದೆ. ಎದೆಯ ಮೇಲೆ ಬೆರಳಾಡಿಸಿದರೆ ಎದೆಮೂಳೆಯ ಎರಡೂ ಮಗ್ಗುಲಲ್ಲಿ ಮಾಂಸ ಸಿಗುತ್ತದೆ, ಬಾಯಿಯ ಒಳಗೆ ಚೊಕ್ಕಟವಾಗಿರುತ್ತದೆ. ಸಾಯುವ ಮೊದಲು ಬಾಯಿ ತೆರೆದು ತೇಕುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿರುತ್ತದೆ. ಮಟಮಟ ಮಧ್ಯಾಹ್ನ ಗುಬ್ಬಿ, ಮೈನಾ, ಕಾಗೆ ಎಂಬ ಭೇದವಿಲ್ಲದೆ ಬೀಳುತ್ತವೆ. ಹುಣ್ಣಿನ ಹಕ್ಕಿಯದು ದಿನಗಟ್ಟಲೆ ನಡೆಯುವ ಸಾವು. ಎದೆಮೂಳೆ ಕುಡುಗೋಲಿನ ಅಲಗಿನಂತೆ ಕೈಗೆ ತಾಗುತ್ತದೆ. ಬಾಯಿಯಿಂದ ದುರ್ವಾಸನೆ, ಕೊಕ್ಕಿನ ಸುತ್ತ ಅಂಟಿದ ಕಾಳು ಮತ್ತು ಲೋಳೆ, ಕೆಲವೊಮ್ಮೆ ಕತ್ತಿನ ಊತ, ಹಸಿರಾದ ತೆಳು ಹಿಕ್ಕೆ. ಬೀಳುವುದೂ ಹೆಚ್ಚಾಗಿ ಬೆಳವ, ಪಾರಿವಾಳ, ಅವುಗಳಲ್ಲೂ ಎಳೆಯವು. ಬಿಸಿಲು ಇಳಿದ ಮೇಲೂ, ಬೆಳಗಿನ ತಂಪಿನಲ್ಲೂ ಸಾಯುತ್ತವೆ.

ಎರಡೂ ಒಂದೇ ಹಕ್ಕಿಯಲ್ಲಿ ಕೂಡಿರಬಹುದು ಎಂಬುದೂ ನಿಜ. ಗಂಟಲು ಕಟ್ಟಿದ ಹಕ್ಕಿಗೆ ನೀರೂ ಇಳಿಯುವುದಿಲ್ಲ, ತೇಕಿ ಮೈ ತಂಪು ಮಾಡಿಕೊಳ್ಳುವುದೂ ಕಷ್ಟ. ಬೇರೆಯವು ತಡೆದುಕೊಳ್ಳುವ ಬಿಸಿಲು ಅದನ್ನು ಮೊದಲು ಕೆಡವುತ್ತದೆ. ಆಗ ದಾಖಲೆಯಲ್ಲಿ ಎರಡೂ ಬರಬೇಕು.

ಹಳದಿ ಗಡ್ಡೆ ಕಂಡ ಮಾತ್ರಕ್ಕೆ ತೀರ್ಪು ಕೊಡುವಂತೆಯೂ ಇಲ್ಲ. ಹಕ್ಕಿ ಸಿಡುಬು ಬಾಯಿಯೊಳಗೆ ಎದ್ದರೆ ಹೀಗೇ ಕಾಣುತ್ತದೆ. ಶಿಲೀಂಧ್ರದ ಸೋಂಕು, ಎ ಜೀವಸತ್ವದ ಕೊರತೆ, ಗಂಟಲಿನ ಕೂದಲೆಳೆ ಹುಳು, ಇವೂ ಮೋಸ ಮಾಡುತ್ತವೆ. ಕತ್ತು ತಿರುಚಿಕೊಂಡು ಗಿರಗಿರ ಸುತ್ತುವ ಪಾರಿವಾಳಕ್ಕೆ ಇರುವುದು ಬೇರೆಯೇ ವೈರಸ್ ರೋಗ. ಒಂದೇ ಜಾಗದಲ್ಲಿ ಒಮ್ಮೆಲೇ ಹತ್ತಾರು ಹಕ್ಕಿ ಬಿದ್ದಿದ್ದರೆ ಯಾರೂ ಬಾಯಿ ತೆರೆಯಲು ಹೋಗಬಾರದು. ಅದು ಹಕ್ಕಿ ಜ್ವರವಿರಬಹುದು, ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಗಂಟಲು ಹುಣ್ಣಿನ ಈ ರೋಗಾಣು ಮನುಷ್ಯರಿಗೆ ರೋಗ ತರುವುದಲ್ಲ. ಆದರೂ ಪಾರಿವಾಳದಿಂದ ಬೇರೆ ಸೋಂಕು ಬರುವುದುಂಟು, ಆದ್ದರಿಂದ ಕೈಗವಸು, ಮುಖಗವಸು ಬಿಡಬಾರದು.

ಖಚಿತಪಡಿಸಲು ಬೇಕಾದದ್ದು ಒಂದು ಸಾಧಾರಣ ಸೂಕ್ಷ್ಮದರ್ಶಕ. ಹತ್ತಿ ಕಡ್ಡಿಯನ್ನು ಶೇ 0.9ರ ಉಪ್ಪಿನ ದ್ರಾವಣದಲ್ಲಿ, ಅಂದರೆ ಆಸ್ಪತ್ರೆಯ ಸಲೈನ್‌ನಲ್ಲಿ ಅದ್ದಿ, ಗಂಟಲಿನಿಂದ ಮೇವುಚೀಲದವರೆಗೆ ಇಳಿಸಿ, ಗೋಡೆಗೆ ತಾಗುವಂತೆ ಎರಡು ಮೂರು ಸುತ್ತು ತಿರುಗಿಸಬೇಕು. ಗಡ್ಡೆಯ ನಡುವಿನ ಸತ್ತ ಭಾಗವನ್ನು ಕೆದರಿ ಪ್ರಯೋಜನವಿಲ್ಲ, ರೋಗಾಣು ಸಿಗುವುದು ಅಂಚಿನ ಲೋಳೆಯಲ್ಲಿ. ಮೈಬೆಚ್ಚಗಿನ ಸಲೈನ್ ಒಂದು ಹನಿ ಸ್ಲೈಡಿನ ಮೇಲೆ ಹಾಕಿ, ಕಡ್ಡಿಯನ್ನು ಅದರಲ್ಲಿ ಒತ್ತಿ ಹೊರಳಿಸಿ, ತೆಳುಗಾಜು ಮುಚ್ಚಿ, ಬೆಳಕು ತಗ್ಗಿಸಿ ಮೊದಲು 100 ಪಟ್ಟು, ಆಮೇಲೆ 400 ಪಟ್ಟು ಹಿಗ್ಗಿಸಿ ನೋಡಬೇಕು. ಜೀವಂತ ಟ್ರೈಕೊಮೊನಾಸ್ ನೆಟ್ಟಗೆ ಈಜುವುದಿಲ್ಲ, ಅಮಲು ಏರಿದವರ ಹಾಗೆ ಜಗ್ಗುತ್ತಾ, ಹೊರಳುತ್ತಾ ಸಾಗುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ.

ತಪ್ಪುವುದು ಎಲ್ಲಿ ಎಂದರೆ, ಸಲೈನ್ ಬದಲು ನಲ್ಲಿಯ ನೀರು ಹಾಕುತ್ತಾರೆ. ರೋಗಾಣು ಉಬ್ಬಿ ಒಡೆಯುತ್ತದೆ. ಹಕ್ಕಿ ಸತ್ತು ಅರ್ಧ ದಿನವಾದ ಮೇಲೆ ನೋಡುತ್ತಾರೆ. ಚಲನೆ ನಿಂತಿರುತ್ತದೆ, ಚಲನೆ ಇಲ್ಲದ ಟ್ರೈಕೊಮೊನಾಸ್ ಉಳಿದ ಜೀವಕೋಶಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಇನ್ನೂ ದೊಡ್ಡ ತಪ್ಪು ಐಸ್ ಡಬ್ಬಿಯದು. ಪ್ರಯೋಗಾಲಯಕ್ಕೆ ಹೋಗುವ ಎಲ್ಲವನ್ನೂ ಐಸ್‌ನಲ್ಲಿಟ್ಟು ಕಳಿಸುವುದು ನಮ್ಮಲ್ಲಿ ರೂಢಿ. ವೈರಸ್ ಪರೀಕ್ಷೆಗೆ ಅದು ಸರಿ. ಸೂಕ್ಷ್ಮದರ್ಶಕದಲ್ಲಿ ನೋಡಲು, ಇಲ್ಲವೇ ಪೋಷಕ ದ್ರಾವಣದಲ್ಲಿ ಬೆಳೆಸಲು ಕಳಿಸುವ ಕಡ್ಡಿಗೆ ಅದೇ ಮಾರಕ. ಅದನ್ನು ತಂಪಿಗೂ ಇಡಬಾರದು, ಮೇ ತಿಂಗಳ ಜೀಪಿನ ಡ್ಯಾಷ್‌ಬೋರ್ಡ್ ಮೇಲೂ ಇಡಬಾರದು. ಐಸ್ ಹಾಕದ ಥರ್ಮಾಸ್ ಡಬ್ಬಿ ಸಾಕು. ಬೆಳೆಸುವುದಾದರೆ 37 ಡಿಗ್ರಿಯಲ್ಲಿಟ್ಟು ದಿನಕ್ಕೊಮ್ಮೆಯಂತೆ ನಾಲ್ಕೈದು ದಿನ ನೋಡಬೇಕು. ಮೊದಲ ದಿನ ಕಾಣಲಿಲ್ಲವೆಂದು ಇಲ್ಲ ಎಂದು ಬರೆದರೆ ಅದು ಪರೀಕ್ಷೆಯೇ ಅಲ್ಲ.

ಇಲ್ಲಿಯವರೆಗಿನದು ರೋಗ ಇದೆಯೋ ಇಲ್ಲವೋ ಎಂಬ ಪ್ರಶ್ನೆ. ಬಲ್ಲವರು ಇದಕ್ಕೆ ಒಂದು ಮಾತು ಹೇಳುತ್ತಾರೆ: ಪಾರಿವಾಳಗಳಲ್ಲಿ ಟ್ರೈಕೊಮೊನಾಸ್ ಇರುವುದು ಸಾಮಾನ್ಯ, ಆರೋಗ್ಯವಾಗಿರುವ ಹಕ್ಕಿಯ ಬಾಯಲ್ಲೂ ಸಿಗುತ್ತದೆ, ಅದಕ್ಕೇಕೆ ಇಷ್ಟು ಗದ್ದಲ? ಮಾತು ಸರಿಯಾಗಿದೆ. ಅದಕ್ಕೇ ನಾವು ತಳಿ ಕೇಳುತ್ತಿದ್ದೇವೆ. ಈ ಹೆಸರಿನ ಎಲ್ಲ ರೋಗಾಣುಗಳೂ ಒಂದೇ ಅಲ್ಲ. ಕೆಲವು ತಳಿಗಳು ಹಕ್ಕಿಯ ಬಾಯಲ್ಲಿ ಬಾಡಿಗೆದಾರರಂತೆ ಇದ್ದುಹೋಗುತ್ತವೆ. ಕೆಲವು ಗಂಟಲನ್ನು ಕೊರೆದು ಯಕೃತ್ತಿನವರೆಗೆ ಇಳಿಯುತ್ತವೆ. ಅಮೆರಿಕದ ರಾಬರ್ಟ್ ಸ್ಟೇಬ್ಲರ್ 1940-50ರ ದಶಕಗಳಲ್ಲಿ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿಯೇ ಇದು ಕಂಡಿತ್ತು. ಸೌಮ್ಯ ತಳಿ ತಗಲಿ ಉಳಿದ ಹಕ್ಕಿಗೆ ಉಗ್ರ ತಳಿಯ ವಿರುದ್ಧ ರಕ್ಷಣೆ ಸಿಗುತ್ತದೆ ಎಂಬುದೂ ಗೊತ್ತಾಗಿತ್ತು. ಸೂಕ್ಷ್ಮದರ್ಶಕದಡಿ ಎರಡೂ ಒಂದೇ ರೀತಿ ಕಾಣುತ್ತವೆ. ಬೇರೆ ಮಾಡುವುದು ವಂಶವಾಹಿ ಮಾತ್ರ.

ಮೊದಲ ಜರಡಿ ರೋಗಾಣುವಿನ ಡಿಎನ್‌ಎಯಲ್ಲಿ ಐಟಿಎಸ್ ಎಂದು ಕರೆಯುವ ಭಾಗ. ಪಿಸಿಆರ್ ಎಂಬ ವಿಧಾನದಲ್ಲಿ ಅದರ ಅಸಂಖ್ಯ ಪ್ರತಿ ಮಾಡಿ ಅಕ್ಷರ ಅಕ್ಷರ ಓದಿದರೆ ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯುತ್ತದೆ. ಆದರೆ ಆ ಜರಡಿಯ ಕಣ್ಣು ದೊಡ್ಡದು. ಒಂದೇ ಐಟಿಎಸ್ ಗುಂಪಿನೊಳಗಿನ ಉಪತಳಿಗಳನ್ನು ಬಿಡಿಸಲು ಐರನ್ ಹೈಡ್ರೋಜಿನೇಸ್ ಎಂಬ ಇನ್ನೊಂದು ವಂಶವಾಹಿಯನ್ನು ಓದಬೇಕು. ಬ್ರಿಟನ್ನಿನಲ್ಲಿ ನಡೆದ ಅನಾಹುತದ ಕೊನೆಗೆ ಕೈಗೆ ಸಿಕ್ಕ ಎಳೆ ಅದೇ. 2005ರಲ್ಲಿ ಅಲ್ಲಿ ಗ್ರೀನ್‌ಫಿಂಚ್ ಎಂಬ ಹಸಿರು ಕಾಳುಹಕ್ಕಿಗಳಲ್ಲಿ ಈ ರೋಗ ಮೊದಲು ಕಂಡಿತು. ಅದುವರೆಗೆ ಇದು ಪಾರಿವಾಳಗಳ ಮತ್ತು ಅವನ್ನು ತಿನ್ನುವ ಗಿಡುಗಗಳ ರೋಗವೆಂದೇ ಲೆಕ್ಕ. ಜನ ಹಿತ್ತಿಲಲ್ಲಿ ಪ್ರೀತಿಯಿಂದ ಇಟ್ಟ ಕಾಳಿನ ತಟ್ಟೆಗಳಲ್ಲಿ ಪಾರಿವಾಳವೂ ಫಿಂಚೂ ಕೂಡಿ ಉಂಡವು. 2009ರ ಹೊತ್ತಿಗೆ ಅಲ್ಲಿನ ಗ್ರೀನ್‌ಫಿಂಚ್ ಸಂಖ್ಯೆ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಇಳಿಯಿತು. 2008ರಲ್ಲಿ ರೋಗ ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಎದ್ದಿತು. ವಲಸೆ ಹೋಗುವ, ಅದೇ ಬಳಗದ ಚಾಫಿಂಚ್ ಹಕ್ಕಿಗಳು ಹೊತ್ತೊಯ್ದಿರಬೇಕು ಎಂಬುದು ಅಲ್ಲಿನ ತಜ್ಞರ ತರ್ಕ. ಸತ್ತ ಫಿಂಚ್‌ಗಳಲ್ಲಿ ಸಿಕ್ಕ ರೋಗಾಣುವನ್ನು ಓದಿದಾಗ ಕಂಡದ್ದು ಒಂದೇ ತಳಿ, ಎ1. 2021ರಲ್ಲಿ ಗ್ರೀನ್‌ಫಿಂಚ್, ಅಪಾಯದಲ್ಲಿರುವ ಹಕ್ಕಿಗಳ ಬ್ರಿಟನ್ನಿನ ಕೆಂಪು ಪಟ್ಟಿ ಸೇರಿತು.

ಗ್ರೀನ್‌ಫಿಂಚ್ ನಮ್ಮ ಹಕ್ಕಿಯಲ್ಲ. ಆದರೆ ನಮ್ಮಲ್ಲಿ ಅದೇ ಜಾಗದಲ್ಲಿ ಗುಬ್ಬಿ ಇದೆ, ಮುನಿಯಾ ಇದೆ. ಹಿಂಗಾರಿ ಜೋಳ ತೆನೆ ಹಿರಿಯುವ ಹೊತ್ತಿಗೆ ಹೊಲಕ್ಕೆ ಇಳಿಯುವ ಗುಲಾಬಿ ಕಬ್ಬಕ್ಕಿ, ಕರಿತಲೆ ಬಂಟಿಂಗ್‌ಗಳಿವೆ. ಸಾವಿರಾರು ಕಿಲೋಮೀಟರು ದಾಟಿ ಬಂದು ಹೋಗುವ ಹಕ್ಕಿಗಳು. ಅವುಗಳಲ್ಲಿ ರೋಗ ಇದೆ ಎಂದು ನಾವು ಹೇಳುತ್ತಿಲ್ಲ. ಬಂದರೆ ಗೊತ್ತಾಗುವ ದಾರಿಯೇ ನಮ್ಮಲ್ಲಿಲ್ಲ ಎನ್ನುತ್ತಿದ್ದೇವೆ.

ಬೇಟೆಹಕ್ಕಿಗಳ ಮಾತು ಇನ್ನೂ ಗಂಭೀರ. ಕಲಬುರಗಿ ಮತ್ತು ಬೀದರಿನ ಕೋಟೆಗಳ, ಬಹಮನಿ ಗುಮ್ಮಟಗಳ ಬಿರುಕುಗಳಲ್ಲಿ ಪಾರಿವಾಳ ತುಂಬಿವೆ. ಅವನ್ನೂ ಬೆಳವಗಳನ್ನೂ ಹಿಡಿದು ಬದುಕುವ ಶಿಕ್ರಾ, ಚಾಣ, ಗೂಬೆಗಳು ಸೋಂಕಿತ ಬೇಟೆಯನ್ನೇ ಮರಿಗೆ ಹರಿದು ಉಣಿಸುತ್ತವೆ. ರೋಗಿ ಪಾರಿವಾಳ ಹಿಡಿಯಲು ಸುಲಭ ಎಂಬುದು ಬೇರೆ. ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ ಕೂಪರ್ಸ್ ಹಾಕ್ ಎಂಬ ಡೇಗೆಯ ಗೂಡುಗಳನ್ನು ಪರೀಕ್ಷಿಸಿದಾಗ ನಗರದ ಮರಿಗಳಲ್ಲಿ ಶೇ 85ರಷ್ಟು, ಊರ ಹೊರಗಿನ ಮರಿಗಳಲ್ಲಿ ಶೇ 9ರಷ್ಟು ಸೋಂಕು ಸಿಕ್ಕಿತ್ತು. ನಗರದ ಡೇಗೆಗಳು ಬೆಳವ, ಪಾರಿವಾಳ ತಿಂದು ಮರಿ ಮಾಡುತ್ತಿದ್ದವು. ದೊಡ್ಡ ಹಕ್ಕಿಯ ಬಾಯಿಯ ಲೋಳೆ ತುಸು ಆಮ್ಲೀಯ, ರೋಗಾಣುವಿಗೆ ಒಗ್ಗುವುದಿಲ್ಲ. ಗೂಡಿನ ಮರಿಯದು ಅಷ್ಟು ಆಮ್ಲೀಯವಲ್ಲ, ಅದಕ್ಕೇ ಸಾಯುವುದು ಮರಿ. ಸ್ಪೇನಿನಲ್ಲಿ ಬೊನೆಲ್ಲಿ ಗಿಡುಗದ ಮರಿಗಳೂ ಹೀಗೆ ಸತ್ತಿವೆ. ಆ ಗಿಡುಗ ನಮ್ಮ ರಾಜ್ಯದಲ್ಲೂ ಇದೆ. ಗೂಡಿನಿಂದ ಬಿದ್ದ ಬೇಟೆಹಕ್ಕಿಯ ಮರಿ ರಕ್ಷಣೆಗೆ ಬಂದಾಗ ತಿನ್ನಲು ಪಾರಿವಾಳದ ಮಾಂಸ ಕೊಡುವುದು ಸುಲಭವೆಂದು ಕೊಡುತ್ತಾರೆ. ದಯವಿಟ್ಟು ಬೇಡ. ಕೊಡಲೇಬೇಕಾದರೆ ತಲೆ, ಕತ್ತು, ಮೇವುಚೀಲ, ಕರುಳು ತೆಗೆದು ಹಾಕಿ, ಮಾಂಸವನ್ನು ಪೂರ್ತಿ ಹೆಪ್ಪುಗಟ್ಟಿಸಿ ಕರಗಿಸಿ ಕೊಡಿ. ಹೆಪ್ಪುಗಟ್ಟಿಸುವುದರಿಂದ ಎಲ್ಲ ರೋಗಾಣುವೂ ಸಾಯುತ್ತದೆಂಬ ಭರವಸೆ ಇಲ್ಲ, ಅಪಾಯ ತಗ್ಗುತ್ತದೆ ಅಷ್ಟೇ.

ಇನ್ನು ನಮ್ಮ ಕೋರಿಕೆಗಳು.

ಸತ್ತ ಹಕ್ಕಿಯ ಬಗ್ಗೆ ಬರೆಯುವ ಯಾವುದೇ ವರದಿಯಲ್ಲಿ ಎರಡು ಸಾಲು ಕಡ್ಡಾಯವಾಗಲಿ: ಬಾಯಿಯೊಳಗೆ ಏನು ಕಂಡಿತು, ಎದೆಯ ಮಾಂಸ ಹೇಗಿತ್ತು. ಜೊತೆಗೆ ಬಾಯಿ ತೆರೆದ ಒಂದು ಫೋಟೊ. ಇದಕ್ಕೆ ಅನುದಾನ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಹಕ್ಕಿ ಜ್ವರದ ಗುಮಾನಿ ಬಂದಾಗ ಮಾದರಿ ಕಳಿಸುವ ವ್ಯವಸ್ಥೆ ಚೆನ್ನಾಗಿಯೇ ಇದೆ. ಭೋಪಾಲದ ಪ್ರಯೋಗಾಲಯದವರೆಗೆ ಅದರ ದಾರಿ ಸ್ಪಷ್ಟ. ಹಕ್ಕಿ ಜ್ವರ ಅಲ್ಲ ಎಂಬ ಉತ್ತರ ಬಂದ ಮೇಲೆ, ಹಾಗಾದರೆ ಯಾವುದು ಎಂದು ಕೇಳುವವರಿಲ್ಲ. ಆ ಹಕ್ಕಿಯದೇ ಉಳಿದ ಮಾದರಿಯಿಂದ ಉತ್ತರ ಸಿಗುತ್ತದೆ, ಉಳಿಸಿದ್ದರೆ. ಮರಣೋತ್ತರ ಪರೀಕ್ಷೆಯಲ್ಲಿ ಗಂಟಲ ಗಡ್ಡೆಯನ್ನು ಎರಡು ಭಾಗ ಮಾಡಲಿ. ಒಂದು ಶೇ 10ರ ಫಾರ್ಮಾಲಿನ್‌ಗೆ, ಅಂಗಾಂಶ ನೋಡಲು. ಇನ್ನೊಂದು ಶೇ 95ಕ್ಕಿಂತ ಹೆಚ್ಚು ಶುದ್ಧವಾದ ಆಲ್ಕೋಹಾಲ್‌ಗೆ, ಚೂರಿನ ಹತ್ತು ಪಟ್ಟು ದ್ರವ ಇರುವಂತೆ, ತಳಿ ಓದಲು. ಎರಡನ್ನೂ ಫಾರ್ಮಾಲಿನ್‌ಗೇ ಹಾಕಿದರೆ ಡಿಎನ್‌ಎ ಹೆಣೆದುಕೊಂಡು ಕೆಡುತ್ತದೆ, ಪಿಸಿಆರ್ ಕೈಕೊಡುತ್ತದೆ. ಸೀಸೆಯ ಮೇಲೆ ಪೆನ್ನಿನಿಂದ ಬರೆದರೆ ಆಲ್ಕೋಹಾಲ್ ತಾಗಿ ಅಳಿಸಿಹೋಗುತ್ತದೆ. ಸೀಸದ ಕಡ್ಡಿಯಲ್ಲಿ ಜಾತಿ, ಜಾಗ, ದಿನಾಂಕ ಬರೆದ ಚೀಟಿಯನ್ನು ಒಳಗೇ ಹಾಕಬೇಕು. ಹೆಸರಿಲ್ಲದ ಸೀಸೆಯಿಂದ ಯಾರಿಗೂ ಉಪಯೋಗವಿಲ್ಲ.

ಹಕ್ಕಿ ಇನ್ನೂ ಜೀವಂತವಿದ್ದು ರಕ್ತ ತೆಗೆಯುವ ಸಂದರ್ಭ ಬಂದರೆ ತೆಳುವಾದ ಒಂದು ರಕ್ತಲೇಪವನ್ನೂ ಮಾಡಿಡುವುದು ಒಳ್ಳೆಯದು, ಮೆಥನಾಲ್‌ನಲ್ಲಿ ಗಟ್ಟಿ ಮಾಡಿ ಗೀಮ್ಸಾ ಬಣ್ಣ ಹಾಕಿ. ಪಾರಿವಾಳದ ಗರಿಯೊಳಗೆ ಏಡಿಯಂತೆ ಅಡ್ಡಡ್ಡ ಹರಿದಾಡುವ ಚಪ್ಪಟೆ ನೊಣ ಹರಡುವ ಹೀಮೋಪ್ರೋಟಿಯಸ್ ಎಂಬ ರಕ್ತದ ಪರಾವಲಂಬಿ, ಸೊಳ್ಳೆ ಹರಡುವ ಹಕ್ಕಿ ಮಲೇರಿಯಾ, ಎರಡೂ ಅದರಲ್ಲಿ ಕಾಣುತ್ತವೆ. ಅವುಗಳ ತಳಿಗಳನ್ನು ಸೈಟೋಕ್ರೋಮ್ ಬಿ ಎಂಬ ವಂಶವಾಹಿಯ 479 ಅಕ್ಷರಗಳ ತುಣುಕಿನಿಂದ ಜಗತ್ತಿನಾದ್ಯಂತ ಗುರುತಿಸುತ್ತಾರೆ. 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡದ್ದು ಸಿಕಂದರಾಬಾದಿನಲ್ಲಿ, ಆಗ ನಮ್ಮ ಮೂರೂ ಜಿಲ್ಲೆಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದೊಳಗೇ. ಸೊಳ್ಳೆ ಕಚ್ಚಿಯೇ ಅದು ಹರಡುತ್ತದೆಂದು ಮರುವರ್ಷ ಕಲ್ಕತ್ತೆಯಲ್ಲಿ ಅವರು ಸಾಧಿಸಿ ತೋರಿಸಿದ್ದು ಹಕ್ಕಿಗಳ ಮಲೇರಿಯಾದಿಂದ. ಇಷ್ಟು ಹತ್ತಿರದ ಚರಿತ್ರೆ ಇರುವ ಸೀಮೆಯಲ್ಲಿ ಹಕ್ಕಿಯ ಒಂದು ಹನಿ ರಕ್ತ ನೋಡುವುದು ದೊಡ್ಡ ಮಾತಾಗಬಾರದು.

ಮಾದರಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ದೂರದ ಊರು ಹುಡುಕಬೇಕಿಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಬೀದರಿನ ನಂದಿನಗರದಲ್ಲೇ ಇದೆ. ವನ್ಯಜೀವಿಗಳ ಡಿಎನ್‌ಎ ಓದುವ ಲ್ಯಾಕೋನ್ಸ್ ಪ್ರಯೋಗಾಲಯ ಹೈದರಾಬಾದಿನಲ್ಲಿದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟುವ ದೂರ. ಮೂರು ಜಿಲ್ಲೆಗಳು ಸೇರಿ ಈ ಸಂಸ್ಥೆಗಳ ಜೊತೆ ಒಂದು ಲಿಖಿತ ಒಪ್ಪಂದಕ್ಕೆ ಬರಬೇಕೆಂದು ಕೇಳುತ್ತೇವೆ: ಯಾರು ಸಂಗ್ರಹಿಸುತ್ತಾರೆ, ಯಾರು ಒಯ್ಯುತ್ತಾರೆ, ಫಲಿತಾಂಶ ಯಾರಿಗೆ ಬರುತ್ತದೆ. ರಕ್ಷಿತ ಹಕ್ಕಿಯ ಶವವನ್ನು ಸಾರ್ವಜನಿಕರು ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಳ್ಳಲೂ ಬಾರದು. ಹಾಗಾದರೆ ಕೊಡಬೇಕಾದ ಜಾಗ ಗೊತ್ತಿರಬೇಕು. ಬೇಸಿಗೆಯಲ್ಲಿ ನಮ್ಮ ಭಾಗದ ಕಚೇರಿಗಳು ಬೆಳಗಿನ ವೇಳೆಗೆ ಬದಲಾಗಿ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ. ಹಕ್ಕಿ ಸಾಯುವುದು ಬಾಗಿಲು ಹಾಕಿದ ಮೇಲೆ, ಸಂಜೆಯೊಳಗೆ ಶವ ಕೊಳೆಯುತ್ತದೆ. ಏಪ್ರಿಲ್, ಮೇ ಎರಡು ತಿಂಗಳಾದರೂ ಮಧ್ಯಾಹ್ನದ ಪಾಳಿಯಲ್ಲಿ ಜಿಲ್ಲೆಗೊಬ್ಬ ಸಿಬ್ಬಂದಿ ಮತ್ತು ಒಂದು ದೂರವಾಣಿ ಸಂಖ್ಯೆ ಇರಲಿ.

ಪಾರಿವಾಳ ಸಾಕುವ ಬಂಧುಗಳಿಗೆ ಒಂದು ಮಾತು. ಈ ರೋಗ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಮೆಡಿಕಲ್ ಅಂಗಡಿಯಿಂದ ಮೆಟ್ರೋನಿಡಜೋಲ್ ಮಾತ್ರೆ ತಂದು ಕುಡಿಯುವ ನೀರಿಗೆ ಕರಗಿಸುವುದನ್ನು ಬಿಡಿ. ಬಿಸಿಲಲ್ಲಿ ಗಟ್ಟಿಮುಟ್ಟಾದ ಹಕ್ಕಿ ಎರಡು ಪಟ್ಟು ನೀರು ಕುಡಿಯುತ್ತದೆ, ಅದಕ್ಕೆ ಔಷಧ ಹೆಚ್ಚಾಗಿ ನರಕ್ಕೆ ಏರುತ್ತದೆ. ಗಂಟಲು ಕಟ್ಟಿದ ಹಕ್ಕಿ ಕುಡಿಯುವುದೇ ಇಲ್ಲ, ಅದಕ್ಕೆ ಸಾಲುವುದಿಲ್ಲ. ಸಾಲದ ಔಷಧದಲ್ಲಿ ಬದುಕಿ ಉಳಿಯುವ ರೋಗಾಣು ಆ ಔಷಧಕ್ಕೆ ಬಗ್ಗದ್ದೇ ಆಗಿರುತ್ತದೆ, ಮುಂದೆ ಹರಡುವುದೂ ಅದೇ. ಪ್ರತಿ ಹಕ್ಕಿಯನ್ನು ತೂಗಿ, ತೂಕಕ್ಕೆ ತಕ್ಕಂತೆ ಬಾಯಿಗೇ ಕೊಡಿಸುವುದು ಪಶುವೈದ್ಯರ ಕೆಲಸ. ಗಡ್ಡೆಯನ್ನು ಉಗುರಿನಿಂದ ಕಿತ್ತರೆ ರಕ್ತ ಚಿಮ್ಮಿ ಹಕ್ಕಿ ಕೈಯಲ್ಲೇ ಹೋಗುತ್ತದೆ. ರೋಗ ಬಂದ ಹಕ್ಕಿಯನ್ನು ಹಾರಿಬಿಡುವುದಂತೂ ಕೂಡದು. ಅದೇ ಕಾರಣಕ್ಕೆ ಸಮಾರಂಭಗಳಲ್ಲಿ ಸಂತೆಯ ಪಂಜರದಿಂದ ಕೊಂಡ ಪಾರಿವಾಳಗಳನ್ನು ಹಾರಿಸುವ ಪದ್ಧತಿಯನ್ನು ಜಿಲ್ಲಾಡಳಿತ ತನ್ನ ಕಾರ್ಯಕ್ರಮಗಳಿಂದಲೇ ಕೈಬಿಡಲಿ. ಸಾರ್ವಜನಿಕ ಬೋಗುಣಿಗೆ ಯಾವ ಔಷಧವನ್ನೂ ಯಾರೂ ಬೆರೆಸಬಾರದು.

ಕೊನೆಗೆ ಬೋಗುಣಿ. ರೋಗ ಕಂಡಲ್ಲಿ ಎರಡು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿ ಹಕ್ಕಿಗಳನ್ನು ಚದುರಿಸಿ ಎಂಬುದು ಬ್ರಿಟನ್ನಿನವರ ಸಲಹೆ. ತಂಪು ದೇಶದ ಆ ಸಲಹೆಯನ್ನು ಹಾಗೇ ಇಲ್ಲಿಗೆ ತರಲಾಗದು. ಕಾಳನ್ನು ನಿಲ್ಲಿಸಬಹುದು, ನಿಲ್ಲಿಸಲೇಬೇಕು. ಮೇ ತಿಂಗಳಲ್ಲಿ ನೀರು ನಿಲ್ಲಿಸಿದರೆ ಆರೋಗ್ಯವಾಗಿರುವ ಹಕ್ಕಿಯೂ ಸಾಯುತ್ತದೆ. ಆದ್ದರಿಂದ ಒಂದು ದೊಡ್ಡ ಪರಾತದ ಬದಲು ಸಣ್ಣ ಬೋಗುಣಿಗಳನ್ನು ದೂರ ದೂರ ಇಡಬೇಕು. ಆಳ ಎರಡು ಇಂಚು ಸಾಕು. ಕೊಂಬೆಯ ನೇರ ಕೆಳಗೆ ಬೇಡ, ಹಿಕ್ಕೆ ಬೀಳುತ್ತದೆ. ನೀರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೊಸದು. ಹಳೆಯದರ ಮೇಲೆ ಸುರಿಯುವುದಲ್ಲ, ಚೆಲ್ಲಿ ತುಂಬುವುದು. ಸಂಜೆ ಬರಿದು. ಪ್ರತಿ ಜಾಗಕ್ಕೆ ಎರಡು ಬೋಗುಣಿ ಇರಲಿ, ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ಇಡೀ ದಿನ ಬಿಸಿಲಲ್ಲಿ ಬೋರಲು. ಮಣ್ಣಿನದು ನೀರನ್ನು ತಂಪಾಗಿಡುತ್ತದೆ, ಸರಿ, ಆದರೆ ಅದರ ಸೂಕ್ಷ್ಮ ರಂಧ್ರಗಳಲ್ಲಿ ಲೋಳೆ ಕೂರುತ್ತದೆ, ತೇವ ಬೇಗ ಆರದು. ಅದಕ್ಕೇ ಈ ಸರತಿ.

ವಾರಕ್ಕೊಮ್ಮೆ, ರೋಗಿ ಹಕ್ಕಿ ಕಂಡರೆ ದಿನವೂ, ಕ್ಲೋರಿನ್ ಬೇಕು. ಅಂಗಡಿಯಲ್ಲಿ ಸಿಗುವ ಹೈಪೋಕ್ಲೋರೈಟ್ ದ್ರಾವಣ ಒಂದು ಪಾಲಿಗೆ ನೀರು ಒಂಬತ್ತು ಪಾಲು. ನಗರಸಭೆಯ ಬ್ಲೀಚಿಂಗ್ ಪುಡಿಯಾದರೆ ಲೀಟರಿಗೆ ಸುಮಾರು 15 ಗ್ರಾಂ. ಚೀಲ ಬಾಯಿಬಿಟ್ಟು ಕೂತ ಹಳೆಯ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಮೊದಲು ತೆಂಗಿನ ನಾರಿನಿಂದ ತಿಕ್ಕಿ ಪಾಚಿ, ಹಿಕ್ಕೆ ತೆಗೆಯಬೇಕು. ಕೊಳೆಯ ಮೇಲೆಯೇ ಸುರಿದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ. ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವಂತೆ ತೊಳೆದು, ಒಣಗಿಸಬೇಕು. ಕಾಳು ಹಾಕುವುದಾದರೆ ನೀರಿನಿಂದ ಹತ್ತು ಹೆಜ್ಜೆ ಆಚೆ, ಒಣ ನೆಲದಲ್ಲಿ, ದಿನಕ್ಕೊಂದು ಕಡೆ, ಒಂದು ಗಂಟೆಯಲ್ಲಿ ಮುಗಿಯುವಷ್ಟೇ.

ಪ್ರತಿ ಬೇಸಿಗೆಯಲ್ಲೂ ಬೋಗುಣಿ ಹಂಚುವ ಅಭಿಯಾನಗಳು ನಡೆಯುತ್ತವೆ, ಫೋಟೊಗಳು ಬರುತ್ತವೆ. ಎಷ್ಟು ಹಂಚಿದೆವು ಎಂಬ ಲೆಕ್ಕ ಇರುತ್ತದೆ, ಯಾರು ತೊಳೆಯುತ್ತಾರೆ ಎಂಬುದು ಇರುವುದಿಲ್ಲ. ಮುಂದಿನ ಮಾರ್ಚ್‌ನಿಂದ ಸರ್ಕಾರಿ ಕಚೇರಿ, ಶಾಲೆ, ಉದ್ಯಾನಗಳಲ್ಲಿ ಇಡುವ ಪ್ರತಿ ಬೋಗುಣಿಯ ಮೇಲೆ ತೊಳೆಯುವವರ ಹೆಸರನ್ನೂ, ಸತ್ತ ಹಕ್ಕಿ ಕಂಡರೆ ಕರೆಯಬೇಕಾದ ದೂರವಾಣಿ ಸಂಖ್ಯೆಯನ್ನೂ ಬಣ್ಣದಲ್ಲಿ ಬರೆಸಬೇಕೆಂದು, ಹೆಸರು ಸಿಗದ ಬೋಗುಣಿಯನ್ನು ಇಳಿಸಿಬಿಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕೆಲವು ಪಕ್ಷಿ ವೀಕ್ಷಕರು ಹಾಗೂ ಪಶುವೈದ್ಯರು